ತೀರ್ಪಿಗೆ ಮೊದಲೇ ಆತ ಎಲ್ಲಿಯವನೆಂದು ಹೇಳಬೇಕೆ?

2025ರ ಆಗಸ್ಟ್ 13ರಂದು ಬ್ರಿಟನ್ನಿನ ಪೊಲೀಸರಿಗೆ ಒಂದು ಮಧ್ಯಂತರ ಮಾರ್ಗಸೂಚಿ ಬಂತು. ಪೊಲೀಸ್ ಮುಖ್ಯಸ್ಥರ ರಾಷ್ಟ್ರೀಯ ಮಂಡಳಿಯೂ ಕಾಲೇಜ್ ಆಫ್ ಪೊಲೀಸಿಂಗ್ ಎಂಬ ಸಂಸ್ಥೆಯೂ ಸೇರಿ ಹೊರಡಿಸಿದ ಆ ಮಾರ್ಗಸೂಚಿಯ ಸಾರ ಇಷ್ಟು: ಜನರ ಗಮನ ಸೆಳೆದಿರುವ, ಸೂಕ್ಷ್ಮವಾದ ಪ್ರಕರಣಗಳಲ್ಲಿ ಒಬ್ಬನ ಮೇಲೆ ದೋಷಾರೋಪ ಹೊರಿಸಿದಾಗ, ಆತನ ಜನಾಂಗ ಮತ್ತು ರಾಷ್ಟ್ರೀಯತೆಯನ್ನು ಸಾರ್ವಜನಿಕರಿಗೆ ತಿಳಿಸುವ ವಿಚಾರವನ್ನು ಪೊಲೀಸರು ಪರಿಶೀಲಿಸಬೇಕು. ಆತನ ವಲಸೆ ಸ್ಥಿತಿ ಏನು, ಆಶ್ರಯ ಕೋರಿ ಬಂದವನೇ, ವೀಸಾ ಇದೆಯೇ ಎಂಬುದನ್ನು ಖಚಿತಪಡಿಸುವುದು ಪೊಲೀಸರ ಕೆಲಸವಲ್ಲ. ಅದನ್ನು ಹೇಳಬೇಕೋ ಬೇಡವೋ ಎಂದು ಗೃಹ ಇಲಾಖೆ ತೀರ್ಮಾನಿಸುತ್ತದೆ. ಸುಳ್ಳುಸುದ್ದಿ ಹರಡುತ್ತಿದ್ದರೆ, ಸಾರ್ವಜನಿಕ ಸುರಕ್ಷತೆಗೆ ಅಪಾಯವಿದ್ದರೆ, ಇಲ್ಲವೇ ಜನರಲ್ಲಿ ಗಣನೀಯ ಆಸಕ್ತಿ ಇದ್ದರೆ ಈ ವಿವರಗಳು ಹೊರಬರಬೇಕು ಎಂಬುದು ಅದರ ಹಿಂದಿನ ತರ್ಕ.

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗನಾಗಿ ನಾನು ಈ ಮಾರ್ಗಸೂಚಿಯನ್ನು ಬಹಳ ಗಮನವಿಟ್ಟು ಓದಿದೆ. ಅದನ್ನು ಬರೆದವರ ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ. ಅವರ ಕಣ್ಣ ಮುಂದೆ ಸುಟ್ಟ ಪೊಲೀಸ್ ವಾಹನಗಳಿದ್ದವು, ಒಡೆದ ಅಂಗಡಿಗಳಿದ್ದವು. ಆದರೂ ಈ ದಾರಿ ತಪ್ಪು ಎಂದೇ ನನ್ನ ಅನಿಸಿಕೆ. ಮುಚ್ಚಿಡುವುದು ಒಳ್ಳೆಯದು ಎಂಬ ಕಾರಣಕ್ಕೆ ನಾನು ಹೀಗೆ ಹೇಳುತ್ತಿಲ್ಲ. ಒಂದು ಪ್ರಕರಣದಲ್ಲಿ ಮೂಲವನ್ನು ಹೇಳಿ ಇನ್ನೊಂದರಲ್ಲಿ ಹೇಳದೆ ಬಿಟ್ಟರೆ, ಹೇಳದೆ ಬಿಟ್ಟದ್ದೂ ಒಂದು ಹೇಳಿಕೆಯಾಗಿಬಿಡುತ್ತದೆ. ಆ ಹೇಳಿಕೆಯ ಭಾರವನ್ನು ಹೊರುವವರು ಆ ಪ್ರಕರಣಕ್ಕೆ ಯಾವ ಸಂಬಂಧವೂ ಇಲ್ಲದ ಜನ. ಇದು ಹೇಗೆಂದು ವಿವರಿಸಲು ಸೌತ್‌ಪೋರ್ಟ್‌ನಿಂದಲೇ ಆರಂಭಿಸಬೇಕು.

2024ರ ಜುಲೈ 29ರಂದು ಲಿವರ್‌ಪೂಲ್‌ನ ಉತ್ತರಕ್ಕಿರುವ ಸೌತ್‌ಪೋರ್ಟ್ ಎಂಬ ಕಡಲತೀರದ ಪಟ್ಟಣದಲ್ಲಿ, ಬೇಸಿಗೆ ರಜೆಯಲ್ಲಿ ಮಕ್ಕಳಿಗಾಗಿ ನಡೆಯುತ್ತಿದ್ದ ನೃತ್ಯ ತರಗತಿಗೆ ಹದಿನೇಳು ವರ್ಷದ ಹುಡುಗನೊಬ್ಬ ಚಾಕು ಹಿಡಿದು ನುಗ್ಗಿದ. ಆರು, ಏಳು ಮತ್ತು ಒಂಬತ್ತು ವರ್ಷದ ಮೂವರು ಹೆಣ್ಣುಮಕ್ಕಳು ಸತ್ತರು. ಇನ್ನೂ ಎಂಟು ಮಕ್ಕಳು ಮತ್ತು ಇಬ್ಬರು ವಯಸ್ಕರು ಇರಿತಕ್ಕೆ ಒಳಗಾದರು. ಆ ಸಂಕಟದ ನಡುವೆಯೇ, ಕೆಲವೇ ತಾಸುಗಳಲ್ಲಿ, ಮುಸ್ಲಿಮರದೆಂದು ತೋರುವ ಒಂದು ಹೆಸರು ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡತೊಡಗಿತು. ಆತ ಹಿಂದಿನ ವರ್ಷ ದೋಣಿಯಲ್ಲಿ ಬಂದ ಆಶ್ರಯಾರ್ಥಿ, ಗುಪ್ತಚರರ ಕಣ್ಗಾವಲಿನಲ್ಲಿದ್ದವನು ಎಂಬ ವಿವರವೂ ಅದರ ಜೊತೆಗಿತ್ತು. ಆ ಹೆಸರು ಕಟ್ಟುಕಥೆ, ದೋಣಿಯೂ ಕಟ್ಟುಕಥೆ. ಬಂಧಿತ ಹುಡುಗ ಕಾರ್ಡಿಫ್‌ನಲ್ಲಿ ಹುಟ್ಟಿದವನೆಂದು ಪೊಲೀಸರು ಮೊದಲೇ ತಿಳಿಸಿದ್ದರು. ಹರಡುತ್ತಿರುವ ಹೆಸರು ಸರಿಯಲ್ಲವೆಂದು ಮರುದಿನ ಸ್ಪಷ್ಟವಾಗಿ ಹೇಳಿದರು. ಅದೇ ಸಂಜೆ ಸೌತ್‌ಪೋರ್ಟ್‌ನ ಮಸೀದಿಯ ಮೇಲೆ ಇಟ್ಟಿಗೆಗಳು ಬಿದ್ದವು, ಪೊಲೀಸ್ ವ್ಯಾನಿಗೆ ಬೆಂಕಿ ಬಿತ್ತು, ಐವತ್ತಕ್ಕೂ ಹೆಚ್ಚು ಪೊಲೀಸರು ಗಾಯಗೊಂಡರು.

ಪೊಲೀಸರು ಆಗ ಹೆಚ್ಚು ಮಾತಾಡಲಾಗದೆ ಇದ್ದುದಕ್ಕೆ ಕಾರಣವಿತ್ತು. ಆರೋಪಿ ಬಾಲಕನಾದ್ದರಿಂದ ಆತನ ಗುರುತಿಗೆ ಕಾನೂನಿನ ರಕ್ಷಣೆ ಇತ್ತು. ಜೊತೆಗೆ ಇಲ್ಲಿನ ಗಂಭೀರ ಅಪರಾಧಗಳ ವಿಚಾರಣೆಯಲ್ಲಿ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವವರು ನ್ಯಾಯಾಧೀಶರಲ್ಲ. ಮತದಾರರ ಪಟ್ಟಿಯಿಂದ ಆರಿಸಿದ ಹನ್ನೆರಡು ಮಂದಿ ಸಾಮಾನ್ಯ ನಾಗರಿಕರು. ಭಾರತದಲ್ಲಿ ಜ್ಯೂರಿ ಪದ್ಧತಿ ಎಂದೋ ಹೋಗಿಬಿಟ್ಟಿರುವುದರಿಂದ ನಮಗೆ ಇದರ ಸೂಕ್ಷ್ಮ ತಟ್ಟನೆ ಹೊಳೆಯುವುದಿಲ್ಲ. ಆ ಹನ್ನೆರಡು ಮಂದಿ ವಿಚಾರಣೆಗೆ ಮೊದಲು ಏನನ್ನು ಓದಿದ್ದಾರೆ, ಯಾವ ಮಾತನ್ನು ಕೇಳಿದ್ದಾರೆ ಎಂಬುದು ತೀರ್ಪನ್ನೇ ಬದಲಿಸಬಹುದು. ಅದಕ್ಕಾಗಿಯೇ 1981ರ ನ್ಯಾಯಾಲಯ ನಿಂದನೆ ಕಾಯ್ದೆಯು ಬಂಧನವಾದ ಕ್ಷಣದಿಂದಲೇ ಪ್ರಕರಣ ಜೀವಂತವಾಗಿದೆಯೆಂದು ಪರಿಗಣಿಸಿ, ವಿಚಾರಣೆಗೆ ಗಂಭೀರ ಧಕ್ಕೆ ತರುವಂಥದ್ದನ್ನು ಪ್ರಕಟಿಸಿದವರನ್ನು, ಅವರ ಉದ್ದೇಶ ಏನೇ ಇದ್ದರೂ, ಶಿಕ್ಷಿಸುತ್ತದೆ. ಇದು ಕಾಗದದ ಮೇಲಿನ ಹುಲಿಯಲ್ಲ. 2010ರ ಕೊನೆಯಲ್ಲಿ ಬ್ರಿಸ್ಟಲ್ ನಗರದಲ್ಲಿ ಯುವತಿಯೊಬ್ಬಳ ಕೊಲೆಯಾದಾಗ, ಆಕೆಯ ಮನೆ ಮಾಲೀಕರಾಗಿದ್ದ ನಿವೃತ್ತ ಶಿಕ್ಷಕರೊಬ್ಬರನ್ನು ಪೊಲೀಸರು ಬಂಧಿಸಿದರು. ಅವರ ಕೂದಲು, ಅವರ ಅಭ್ಯಾಸ, ಅವರ ಒಂಟಿತನ ಎಲ್ಲವನ್ನೂ ಪತ್ರಿಕೆಗಳು ಅಪರಾಧದ ಗುರುತುಗಳೆಂಬಂತೆ ಬರೆದವು. ಅವರು ನಿರಪರಾಧಿ, ಕೊಲೆಗಾರ ಬೇರೊಬ್ಬ. ಮರುವರ್ಷ ನ್ಯಾಯಾಲಯವು ಡೈಲಿ ಮಿರರ್‌ಗೆ 50,000 ಪೌಂಡ್, ಸನ್ ಪತ್ರಿಕೆಗೆ 18,000 ಪೌಂಡ್ ದಂಡ ವಿಧಿಸಿತು. ಆ ಶಿಕ್ಷಕರು ಬಿಳಿಯ ಇಂಗ್ಲಿಷರು, ವಿದ್ಯಾವಂತರು, ಭಾಷೆ ಬಲ್ಲವರು. ತಮ್ಮ ಹೆಸರನ್ನು ಮರಳಿ ಪಡೆಯಲು ಹೋರಾಡುವ ಶಕ್ತಿ ಅವರಿಗಿತ್ತು. ಅದೇ ಜಾಗದಲ್ಲಿ, ಆಶ್ರಯ ಕೋರಿ ಬಂದು ಸರ್ಕಾರ ಕೊಟ್ಟ ಹೋಟೆಲ್ ಕೋಣೆಯಲ್ಲಿ ವಾಸಿಸುವವನೊಬ್ಬ ಇದ್ದಿದ್ದರೆ ಏನಾಗುತ್ತಿತ್ತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಸೌತ್‌ಪೋರ್ಟ್ ಬಳಿಕ ಎಲ್ಲರೂ ಒಪ್ಪಿಕೊಂಡ ಪಾಠವೆಂದರೆ, ಪೊಲೀಸರು ಮಾಹಿತಿ ಕೊಡದೆ ಖಾಲಿ ಬಿಟ್ಟ ಜಾಗವನ್ನು ಸುಳ್ಳು ತುಂಬಿತು ಎಂಬುದು. ಸಂಸತ್ತಿನ ಗೃಹ ವ್ಯವಹಾರಗಳ ಸಮಿತಿ 2025ರ ಏಪ್ರಿಲ್‌ನಲ್ಲಿ ಇದನ್ನೇ ಹೇಳಿತು. ನ್ಯಾಯಾಲಯ ನಿಂದನೆಯ ಕಾನೂನು ಸಾಮಾಜಿಕ ಜಾಲತಾಣಗಳ ಕಾಲಕ್ಕೆ ಹೊಂದುವುದಿಲ್ಲ ಎಂದೂ ಸೇರಿಸಿತು. ಆರೋಪಿಯ ಧರ್ಮದ ಬಗೆಗಿನ ಸುಳ್ಳನ್ನು ಅಲ್ಲಗಳೆಯಲು ಆ ಪ್ರದೇಶದ ಮರ್ಸಿಸೈಡ್ ಪೊಲೀಸರು ಬಯಸಿದ್ದರು, ಆದರೆ ಸರ್ಕಾರಿ ಅಭಿಯೋಜಕರ ಕಡೆಯಿಂದ ಬಂದ ಸಲಹೆ ಅದಕ್ಕೆ ಅಡ್ಡವಾಯಿತು ಎಂಬುದೂ ಆ ಸಮಿತಿಯ ಮುಂದೆ ಬಂದ ಸಂಗತಿ. ಈ ಪಾಠದಲ್ಲಿ ಸತ್ಯಾಂಶವಿದೆ. ಆದರೆ ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿದಾಗ ಅದು ಅರ್ಧಕ್ಕೆ ನಿಲ್ಲುತ್ತದೆ. ಆಗಸ್ಟ್ 1ರಂದು ಲಿವರ್‌ಪೂಲ್ ಕ್ರೌನ್ ಕೋರ್ಟಿನ ನ್ಯಾಯಾಧೀಶರು ಹುಡುಗನ ಹೆಸರನ್ನು ಪ್ರಕಟಿಸಲು ಅನುಮತಿ ಕೊಟ್ಟರು. ಆತನಿಗೆ ಹದಿನೆಂಟು ತುಂಬಲು ಕೆಲವೇ ದಿನಗಳಿದ್ದವು. ಸುಳ್ಳನ್ನು ತಡೆಯಬೇಕೆಂಬ ಕಾಳಜಿಯೂ ಅದರ ಹಿಂದಿತ್ತು. ಅಂದಿನಿಂದ ಇಡೀ ದೇಶಕ್ಕೆ ಆತನ ಹೆಸರು ಗೊತ್ತು, ಆತ ಬ್ರಿಟನ್ನಿನಲ್ಲೇ ಹುಟ್ಟಿದವನೆಂಬುದು ಗೊತ್ತು, ತಂದೆತಾಯಿ ರುವಾಂಡಾದಿಂದ ಬಂದವರೆಂಬುದೂ ಗೊತ್ತು. ಗಲಭೆಯ ಅತಿ ಕೆಟ್ಟ ದಿನಗಳು ಬಂದದ್ದು ಇದಾದ ಮೇಲೆ. ಸಂಡರ್‌ಲ್ಯಾಂಡ್‌ನಲ್ಲಿ ಆಸ್ಪತ್ರೆಯ ತುರ್ತು ಕೆಲಸಕ್ಕೆ ಹೊರಟಿದ್ದ ಫಿಲಿಪೀನ್ಸ್ ಮೂಲದ ನರ್ಸುಗಳ ಮೇಲೆ ಕಲ್ಲು ತೂರಿದರು. ಆಗಸ್ಟ್ 4ರಂದು ರಾದರಂ ಬಳಿ ಆಶ್ರಯಾರ್ಥಿಗಳಿದ್ದ ಹೋಟೆಲ್ಲಿಗೆ, ಒಳಗೆ ಜನರಿರುವಾಗಲೇ, ಬೆಂಕಿ ಹಚ್ಚಲು ನೋಡಿದರು. ಅದೇ ದಿನ ಮಿಡಲ್ಸ್‌ಬ್ರೋದ ರಸ್ತೆಯಲ್ಲಿ ಗುಂಪೊಂದು ಕಾರುಗಳನ್ನು ತಡೆದು, ನೀನು ಬಿಳಿಯನೇ, ಇಂಗ್ಲಿಷನೇ ಎಂದು ಚಾಲಕರನ್ನು ಕೇಳುತ್ತಿತ್ತು.

ಮಿಡಲ್ಸ್‌ಬ್ರೋದ ಆ ದೃಶ್ಯದ ಮುಂದೆ ನಾನು ನಿಂತುಬಿಡುತ್ತೇನೆ. ಆ ಗುಂಪಿಗೆ ಮಾಹಿತಿಯ ಕೊರತೆ ಇರಲಿಲ್ಲ. ಮೂವರು ಮಕ್ಕಳನ್ನು ಕೊಂದ ಆರೋಪ ಹೊತ್ತವನು ಸೆರೆಮನೆಯಲ್ಲಿದ್ದಾನೆ, ಆತನ ಹೆಸರು ಇಂಥದ್ದು ಎಂಬುದು ಅಂದಿಗೆ ಮೂರು ದಿನ ಹಳೆಯ ಸುದ್ದಿ. ಗುಂಪಿಗೆ ಬೇಕಾಗಿದ್ದ ಉತ್ತರ ಬೇರೆ. ಕಾರ್ಡಿಫ್‌ನಲ್ಲಿ ಹುಟ್ಟಿದವನೆಂದರೆ ತಂದೆತಾಯಿ ಯಾರೆಂದು ಕೇಳುತ್ತಾರೆ. ತಂದೆತಾಯಿ ರುವಾಂಡಾದವರೆಂದರೆ ಧರ್ಮ ಯಾವುದೆಂದು ಕೇಳುತ್ತಾರೆ. ಕ್ರೈಸ್ತ ಕುಟುಂಬವೆಂದರೆ ಅದು ಸುಳ್ಳಿರಬಹುದೆನ್ನುತ್ತಾರೆ. ಪ್ರತಿಯೊಂದು ವಿವರವೂ ಮುಂದಿನ ಪ್ರಶ್ನೆಗೆ ಮೆಟ್ಟಿಲಾಗುತ್ತದೆ. ಎಷ್ಟು ಹೇಳಿದರೆ ಸಾಕು ಎಂಬುದನ್ನು ಪೊಲೀಸರು ನಿರ್ಧರಿಸುವುದಿಲ್ಲ, ಕೇಳುವವರು ನಿರ್ಧರಿಸುತ್ತಾರೆ. ಅವರಿಗೆ ಸಾಕೆನಿಸುವುದು ತಾವು ಮೊದಲೇ ನಂಬಿದ್ದು ದೊರೆತಾಗ ಮಾತ್ರ.

ಇನ್ನು ಲಿವರ್‌ಪೂಲ್. 2025ರ ಮೇ 26ರಂದು ಫುಟ್‌ಬಾಲ್ ತಂಡದ ಗೆಲುವಿನ ಮೆರವಣಿಗೆ ಮುಗಿಯುತ್ತಿದ್ದ ಹೊತ್ತಿಗೆ, ವಾಟರ್ ಸ್ಟ್ರೀಟ್‌ನಲ್ಲಿ ಒಂದು ಕಾರು ಜನಜಂಗುಳಿಯ ಮೇಲೆ ಹರಿಯಿತು. ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಸೌತ್‌ಪೋರ್ಟ್‌ನ ಪೆಟ್ಟು ತಿಂದಿದ್ದ ಅದೇ ಮರ್ಸಿಸೈಡ್ ಪೊಲೀಸರು ಈ ಬಾರಿ ಅದೇ ಸಂಜೆ ಪ್ರಕಟಣೆ ಕೊಟ್ಟರು: ಬಂಧಿತನು ಲಿವರ್‌ಪೂಲ್ ಪ್ರದೇಶದ, 53 ವರ್ಷದ, ಬಿಳಿಯ ಬ್ರಿಟಿಷ್ ವ್ಯಕ್ತಿ. ಸುಳ್ಳುಗಳಿಗೆ ಉಸಿರು ಸಿಗಲಿಲ್ಲ. ಆ ರಾತ್ರಿ ಯಾವ ಮಸೀದಿಗೂ ಕಲ್ಲು ಬೀಳಲಿಲ್ಲ. ಅಂದು ನನಗೂ ಆದದ್ದು ಸಮಾಧಾನವೇ. ನನ್ನ ಮೈಬಣ್ಣದ ಯಾರೇ ಆಗಿದ್ದರೂ ಅದೇ ಸಮಾಧಾನವನ್ನು ಪಡೆದಿರುತ್ತಾರೆ. ಆದರೆ ಆ ಪ್ರಕಟಣೆಯ ಬೆಲೆ ಮುಂದಿನ ಪ್ರಕರಣದಲ್ಲಿ ಗೊತ್ತಾಯಿತು. ಬಿಳಿಯನಾದರೆ ಎರಡೇ ತಾಸಿನಲ್ಲಿ ಹೇಳುತ್ತಾರೆ ಎಂಬುದು ಜನರ ಮನಸ್ಸಿನಲ್ಲಿ ನಿಯಮವಾಗಿ ನಿಂತಿತು. ಹಾಗಿದ್ದ ಮೇಲೆ ಪೊಲೀಸರು ಮೌನವಾಗಿದ್ದರೆ ಅದರ ಅರ್ಥವೇನು? ಆ ಬೇಸಿಗೆಯಲ್ಲೇ ವಾರಿಕ್‌ಷೈರ್‌ನ ನನೀಟನ್ ಪಟ್ಟಣದಲ್ಲಿ ಬಾಲಕಿಯೊಬ್ಬಳ ಮೇಲಿನ ಅತ್ಯಾಚಾರದ ಪ್ರಕರಣದಲ್ಲಿ ಇಬ್ಬರ ಮೇಲೆ ದೋಷಾರೋಪವಾಯಿತು. ಅವರು ಆಶ್ರಯಾರ್ಥಿಗಳೆಂಬುದನ್ನು ಅಧಿಕಾರಿಗಳು ಮುಚ್ಚಿಡುತ್ತಿದ್ದಾರೆಂದು, ರಿಫಾರ್ಮ್ ಯುಕೆ ಪಕ್ಷಕ್ಕೆ ಸೇರಿದ ಅಲ್ಲಿನ ಕೌಂಟಿ ಕೌನ್ಸಿಲ್‌ನ ನಾಯಕರು ಬಹಿರಂಗವಾಗಿ ಆರೋಪಿಸಿದರು. ತಾವು ಏನನ್ನೂ ಮುಚ್ಚಿಟ್ಟಿಲ್ಲ, ಚಾಲ್ತಿಯಲ್ಲಿದ್ದ ನಿಯಮದಂತೆಯೇ ನಡೆದುಕೊಂಡಿದ್ದೇವೆ ಎಂದು ಪೊಲೀಸರು ಉತ್ತರಿಸಿದರು. ಕೆಲವೇ ದಿನಗಳಲ್ಲಿ ಹೊಸ ಮಾರ್ಗಸೂಚಿ ಬಂತು.

ಈ ಸರಪಣಿಯನ್ನು ಗಮನಿಸಿ. ಗುಂಪನ್ನು ಶಾಂತಗೊಳಿಸಲು ಒಮ್ಮೆ ಮೂಲ ಹೇಳಿದರು. ಹೇಳಿದ್ದರಿಂದ, ಹೇಳದಿರುವುದು ಅನುಮಾನಾಸ್ಪದವಾಯಿತು. ಅನುಮಾನ ತೊಲಗಿಸಲು ಎಲ್ಲ ದೊಡ್ಡ ಪ್ರಕರಣಗಳಲ್ಲೂ ಹೇಳಬೇಕಾಯಿತು. ಹೊಸ ಮಾರ್ಗಸೂಚಿ ಈ ಗಂಟನ್ನು ಬಿಡಿಸುವುದಿಲ್ಲ, ಇನ್ನಷ್ಟು ಬಿಗಿಗೊಳಿಸುತ್ತದೆ. ಏಕೆಂದರೆ ಅದು ಎಲ್ಲರಿಗೂ ಅನ್ವಯಿಸುವ ನಿಯಮವಲ್ಲ. ಯಾವುದು ಸೂಕ್ಷ್ಮ ಪ್ರಕರಣ, ಎಲ್ಲಿ ಜನರ ಆಸಕ್ತಿ ಗಣನೀಯ ಎಂಬುದನ್ನು ಆಯಾ ಪೊಲೀಸ್ ಪಡೆ ತೀರ್ಮಾನಿಸಬೇಕು. ಜನರ ಆಸಕ್ತಿಯನ್ನು ಅಳೆಯಲು ಇಂದು ಪೊಲೀಸರ ಬಳಿ ಇರುವ ಅಳತೆಗೋಲು ಜಾಲತಾಣಗಳ ಗದ್ದಲ. ಹೆಚ್ಚು ಗದ್ದಲ ಎಬ್ಬಿಸಿದವರಿಗೆ ಹೆಚ್ಚು ಮಾಹಿತಿ ದೊರೆಯುವುದಾದರೆ, ಗದ್ದಲ ಎಬ್ಬಿಸುವುದೇ ಒಂದು ವಿಧಾನವಾಗುತ್ತದೆ. ಮನೆಯೊಳಗೆ ಗಂಡನಿಂದ ಹತಳಾದ ಹೆಣ್ಣಿನ ಪ್ರಕರಣಕ್ಕೆ ಬೀದಿಯಲ್ಲಿ ಗುಂಪು ಸೇರುವುದಿಲ್ಲ. ಅಲ್ಲಿ ಆರೋಪಿಯ ಮೂಲವನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಹೀಗೆ ಆರಿಸಿ ಆರಿಸಿ ಹೇಳಿದ ವಿವರಗಳು ವರ್ಷದ ಕೊನೆಗೆ ಜನರ ನೆನಪಿನಲ್ಲಿ ಒಂದು ಚಿತ್ರವಾಗಿ ಉಳಿಯುತ್ತವೆ. ಅದರಲ್ಲಿನ ಒಂದೊಂದು ಗೆರೆಯೂ ನಿಜವಿರಬಹುದು, ಆದರೆ ಇಡೀ ಚಿತ್ರ ದೇಶದ ಅಪರಾಧದ ಚಿತ್ರವಲ್ಲ.

ಇಲ್ಲಿ ನಮ್ಮವರ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಬ್ರಿಟನ್ನಿನಲ್ಲಿ ಏಷ್ಯನ್ ಎಂದರೆ ಪಾಕಿಸ್ತಾನಿ, ಬಾಂಗ್ಲಾದೇಶಿ, ಭಾರತೀಯ ಎಲ್ಲರೂ ಸೇರುತ್ತಾರೆ. ಪೊಲೀಸರು ವೈರ್‌ಲೆಸ್‌ನಲ್ಲಿ ಒಬ್ಬನನ್ನು ಬಣ್ಣಿಸುವಾಗ ನೋಡಿದ ಕೂಡಲೇ ಹೇಳುವ ಸಂಕೇತಗಳಲ್ಲೂ ನಾವೆಲ್ಲ ಒಂದೇ ಅಂಕೆಯೊಳಗೆ ಬರುತ್ತೇವೆ. ಉತ್ತರ ಇಂಗ್ಲೆಂಡಿನ ಪಟ್ಟಣಗಳಲ್ಲಿ ಮಕ್ಕಳ ಮೇಲೆ ಗುಂಪುಗೂಡಿ ಲೈಂಗಿಕ ಶೋಷಣೆ ನಡೆಸಿದವರ ಪ್ರಕರಣಗಳು ಹೊರಬಂದಾಗ ಪತ್ರಿಕೆಗಳು ಅವರನ್ನು ಏಷ್ಯನ್ ಗ್ಯಾಂಗ್ ಎಂದು ಕರೆದವು. ಇಲ್ಲಿನ ಕೆಲವು ಹಿಂದೂ ಮತ್ತು ಸಿಖ್ ಸಂಘಟನೆಗಳು ಅದನ್ನು ಆಕ್ಷೇಪಿಸಿ, ಯಾವ ದೇಶದ ಮೂಲವೆಂದು ಸ್ಪಷ್ಟವಾಗಿ ಹೇಳಿ, ನಮ್ಮನ್ನು ಸೇರಿಸಬೇಡಿ ಎಂದು ಕೇಳಿದವು. ಆ ಬೇಡಿಕೆಯ ಹಿಂದಿನ ಭಯ ನನಗೆ ಅರ್ಥವಾಗುತ್ತದೆ. ನಮ್ಮ ಕನ್ನಡ ಕುಟುಂಬಗಳ ವಾಟ್ಸ್ಆ್ಯಪ್ ಗುಂಪುಗಳಲ್ಲೂ ಪ್ರತಿ ದೊಡ್ಡ ಅಪರಾಧದ ಸುದ್ದಿಯ ಹಿಂದೆಯೇ ನಮ್ಮವನಾಗಿರದಿದ್ದರೆ ಸಾಕಪ್ಪಾ ಎಂಬ ಮಾತು ಬರುತ್ತದೆ. ಆಮೇಲೆ, ಯಾರೆಂದು ಬೇಗ ಹೇಳಿಬಿಟ್ಟರೆ ಒಳ್ಳೆಯದು, ನಮಗೆ ತೊಂದರೆ ತಪ್ಪುತ್ತದೆ ಎಂಬ ಮಾತೂ ಬರುತ್ತದೆ. ಆದರೆ ಹೀಗೆ ತಪ್ಪಿದ ತೊಂದರೆ ಹೋಗುವುದು ಪಕ್ಕದ ಮನೆಗೆ. ಸೋಮಾಲಿಯಾದ ಟ್ಯಾಕ್ಸಿ ಚಾಲಕನ ಮಗಳಿಗೆ, ಆಫ್ಘಾನಿಸ್ತಾನದಿಂದ ಬಂದು ನಮ್ಮದೇ ಬೀದಿಯಲ್ಲಿ ಕ್ಷೌರದಂಗಡಿ ಇಟ್ಟವನಿಗೆ. ಅಲ್ಲದೆ ನಾವು ಅಂದುಕೊಂಡಂತೆ ನಮಗೆ ಅದು ತಪ್ಪುವುದೂ ಇಲ್ಲ. 2024ರ ಆಗಸ್ಟ್ 6ರಂದು ಲಂಡನ್ನಿನ ಭಾರತೀಯ ಹೈಕಮಿಷನ್, ಗಲಭೆಯ ಪ್ರದೇಶಗಳಿಗೆ ಹೋಗದಿರಿ, ಎಚ್ಚರದಿಂದಿರಿ ಎಂದು ಭಾರತೀಯರಿಗೆ ಸೂಚನೆ ಹೊರಡಿಸಬೇಕಾಯಿತು. ಕಾರು ತಡೆದು ಬಣ್ಣ ನೋಡುವವನು ಪಾಸ್‌ಪೋರ್ಟ್ ನೋಡುವುದಿಲ್ಲ.

ಬೆಂಗಳೂರಿಗೂ ಇದು ಗೊತ್ತಿರುವ ವಿಷಯ. 2016ರ ಜನವರಿ 31ರ ರಾತ್ರಿ ಹೆಸರಘಟ್ಟದ ಬಳಿ ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಡಿಕ್ಕಿಯಾಗಿ ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಸುಮಾರು ಅರ್ಧ ತಾಸಿನ ನಂತರ ಆ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿ ಮತ್ತು ಆಕೆಯ ಗೆಳೆಯರನ್ನು ಉದ್ರಿಕ್ತ ಗುಂಪು ಕಾರಿನಿಂದ ಎಳೆದು ಹೊಡೆಯಿತು, ಆಕೆಯ ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಹಚ್ಚಿತು. ಅಪಘಾತ ಮಾಡಿದವನು ಯಾರೆಂಬುದರಲ್ಲಿ ಅಲ್ಲಿ ಗೊಂದಲವಿರಲಿಲ್ಲ. ಸುಡಾನ್ ಎಲ್ಲಿ, ತಾಂಜಾನಿಯಾ ಎಲ್ಲಿ ಎಂಬ ವ್ಯತ್ಯಾಸ ಆ ಗುಂಪಿಗೆ ಬೇಕಾಗಿರಲಿಲ್ಲ, ಅಷ್ಟೆ.

ನನ್ನ ವಾದಕ್ಕೆ ಎದುರಾಗುವ ಅತ್ಯಂತ ಬಲವಾದ ಮಾತು ರಾದರಂನಿಂದ ಬರುತ್ತದೆ. ಅದನ್ನು ತಪ್ಪಿಸಿಕೊಂಡು ಹೋಗುವುದು ಸರಿಯಲ್ಲ. ಪ್ರೊಫೆಸರ್ ಅಲೆಕ್ಸಿಸ್ ಜೇ ಅವರ 2014ರ ವರದಿಯ ಪ್ರಕಾರ, 1997ರಿಂದ 2013ರವರೆಗೆ ಆ ಒಂದು ಊರಿನಲ್ಲಿ, ಕಡಿಮೆ ಎಂದರೂ ಸುಮಾರು 1,400 ಮಕ್ಕಳು ಲೈಂಗಿಕ ಶೋಷಣೆಗೆ ಒಳಗಾದರು. ಶೋಷಕರಲ್ಲಿ ಹೆಚ್ಚಿನವರು ಪಾಕಿಸ್ತಾನಿ ಮೂಲದವರೆಂದು ಗೊತ್ತಿದ್ದರೂ, ಹೇಳಿದರೆ ಜನಾಂಗದ್ವೇಷಿ ಎನಿಸಿಕೊಳ್ಳುತ್ತೇವೆಂಬ ಅಳುಕು ಕೆಲವು ಸಿಬ್ಬಂದಿಗೆ ಇತ್ತು ಎಂಬುದನ್ನೂ ವರದಿ ದಾಖಲಿಸಿತು. 2025ರ ಜೂನ್‌ನಲ್ಲಿ ಬಂದ ಬ್ಯಾರನೆಸ್ ಲೂಯಿಸ್ ಕೇಸಿ ಅವರ ಪರಿಶೋಧನಾ ವರದಿ ಇನ್ನೊಂದು ಕಹಿ ಸತ್ಯವನ್ನು ಹೊರಗಿಟ್ಟಿತು: ಇಂಥ ಗುಂಪು ಶೋಷಣೆಯ ರಾಷ್ಟ್ರೀಯ ದಾಖಲೆಗಳಲ್ಲಿ ಮೂರರಲ್ಲಿ ಎರಡು ಭಾಗದಷ್ಟು ಶೋಷಕರ ಜನಾಂಗವನ್ನು ಬರೆದೇ ಇಲ್ಲ. ಮೂರು ಪೊಲೀಸ್ ಪಡೆಗಳ ಸ್ಥಳೀಯ ದಾಖಲೆಗಳಲ್ಲಿ ಏಷ್ಯನ್ ಮೂಲದ ಗಂಡಸರ ಪ್ರಮಾಣ ಜನಸಂಖ್ಯೆಗೆ ಹೋಲಿಸಿದರೆ ಹೆಚ್ಚಿತ್ತು. ಇಂಥ ವಿಷಯದಲ್ಲಿ ಅಧಿಕಾರಿಗಳ ಅಳುಕು ಆ ಹೆಣ್ಣುಮಕ್ಕಳಿಗೆ ಮಾಡಿದ ಎರಡನೆಯ ದ್ರೋಹ. ಅದನ್ನು ನಾನು ಕಿಂಚಿತ್ತೂ ಸಮರ್ಥಿಸುವುದಿಲ್ಲ.

ಆದರೆ ಅಲ್ಲಿ ಆದ ತಪ್ಪು ಯಾವುದು? ದೂರು ಕೊಟ್ಟ ಮಕ್ಕಳನ್ನು ನಂಬಲಿಲ್ಲ, ಶೋಷಕರನ್ನು ಬಂಧಿಸಲಿಲ್ಲ, ಲೆಕ್ಕ ಬರೆಯಲಿಲ್ಲ. ದೋಷಾರೋಪದ ದಿನದ ಪತ್ರಿಕಾ ಪ್ರಕಟಣೆಯಲ್ಲಿ ಮೂಲ ಬರೆಯದಿದ್ದುದು ಆ ಪಟ್ಟಿಯಲ್ಲಿ ಬರುವುದೇ ಇಲ್ಲ, ಏಕೆಂದರೆ ಅಲ್ಲಿ ವರ್ಷಗಟ್ಟಲೆ ದೋಷಾರೋಪವೇ ಇರಲಿಲ್ಲ. ಕೇಸಿ ಅವರು ಕೇಳಿದ್ದು, ಮಕ್ಕಳ ಲೈಂಗಿಕ ಶೋಷಣೆಯ ಪ್ರಕರಣಗಳಲ್ಲಿ ಶಂಕಿತರ ಜನಾಂಗ ಮತ್ತು ರಾಷ್ಟ್ರೀಯತೆಯನ್ನು ಕಡ್ಡಾಯವಾಗಿ ದಾಖಲಿಸಬೇಕೆಂದು. ಅದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ದಾಖಲಿಸಿ, ಸಾಬೀತಾದ ಪ್ರಕರಣಗಳ ಅಂಕಿಅಂಶವನ್ನು ಯಾರಿಗೂ ಹೆದರದೆ ಪ್ರತಿ ವರ್ಷ ಪ್ರಕಟಿಸಲಿ. ಯಾವ ಸಮುದಾಯಕ್ಕೆ ಮುಜುಗರವಾಗುತ್ತದೆ ಎಂದು ನೋಡುವುದು ಬೇಡ. ನನ್ನ ಸಮುದಾಯಕ್ಕೆ ಆದರೂ ಸರಿಯೇ. ಅಂಕಿಅಂಶದಿಂದ ಒಂದು ಸಮಾಜ ತನ್ನ ಬಗ್ಗೆ ಕಲಿಯಬಹುದು. ಇನ್ನೂ ವಿಚಾರಣೆ ಆಗದ ಒಬ್ಬನೇ ಒಬ್ಬನ ಮೂಲದಿಂದ ಕಲಿಯಲು ಏನಿದೆ? ಈ ಎರಡನ್ನೂ ಒಂದೇ ಪಾರದರ್ಶಕತೆ ಎಂದು ಕಟ್ಟಿ ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಜರ್ಮನಿ ಈ ದಾರಿಯಲ್ಲಿ ಬ್ರಿಟನ್ನಿಗಿಂತ ಮುಂದೆ ನಡೆದಿದೆ. 2015ರ ಕೊನೆಯ ರಾತ್ರಿ ಕೊಲೋನ್ ನಗರದ ರೈಲು ನಿಲ್ದಾಣದ ಬಳಿ ನೂರಾರು ಮಹಿಳೆಯರ ಮೇಲೆ ಲೈಂಗಿಕ ದೌರ್ಜನ್ಯ ಮತ್ತು ದರೋಡೆ ನಡೆಯಿತು. ಮರುದಿನದ ಪೊಲೀಸ್ ಪ್ರಕಟಣೆ ಹೊಸ ವರ್ಷದ ಆಚರಣೆ ಬಹುಮಟ್ಟಿಗೆ ಶಾಂತವಾಗಿತ್ತು ಎಂದಿತು. ಸತ್ಯ ಹೊರಬಂದಾಗ ಜನರ ನಂಬಿಕೆ ಕುಸಿಯಿತು, ನಗರದ ಪೊಲೀಸ್ ಮುಖ್ಯಸ್ಥರು ಹುದ್ದೆ ಬಿಡಬೇಕಾಯಿತು. ಅಲ್ಲಿನ ಪತ್ರಿಕಾ ಮಂಡಳಿಯೂ 2017ರಲ್ಲಿ ತನ್ನ ನಿಯಮವನ್ನು ಸಡಿಲಿಸಿ, ಸಮರ್ಥನೀಯ ಸಾರ್ವಜನಿಕ ಹಿತಾಸಕ್ತಿ ಇದ್ದರೆ ಆರೋಪಿಯ ಮೂಲವನ್ನು ಬರೆಯಬಹುದು ಎಂದಿತು. ಬರೀ ಕುತೂಹಲ ಸಾಲದು ಎಂಬ ಎಚ್ಚರವನ್ನು ಮಾತ್ರ ಉಳಿಸಿಕೊಂಡಿತು. ಆಮೇಲೆ 2024ರ ಡಿಸೆಂಬರ್ 20ರಂದು ಮಾಗ್ಡೆಬುರ್ಗ್‌ನ ಕ್ರಿಸ್ಮಸ್ ಸಂತೆಯೊಳಗೆ ಕಾರು ನುಗ್ಗಿತು. ಬಂಧಿತನು ಸೌದಿ ಅರೇಬಿಯಾ ಮೂಲದ ವೈದ್ಯ ಎಂಬ ಸುದ್ದಿ ಅಂದೇ ಹೊರಬಂತು. ಅದು ನಿಜ. ಆ ನಿಜವನ್ನು ಕೇಳಿದವರಲ್ಲಿ ಹಲವರು ಕೂಡಲೇ ಒಂದು ಕಥೆಯನ್ನು ಪೂರ್ಣಗೊಳಿಸಿಕೊಂಡರು. ಇಸ್ಲಾಮಿ ಉಗ್ರನ ದಾಳಿ ಎಂದು. ಆದರೆ ಆತ 2006ರಿಂದ ಜರ್ಮನಿಯಲ್ಲಿದ್ದವನು, ಇಸ್ಲಾಮನ್ನು ಬಹಿರಂಗವಾಗಿ ದ್ವೇಷಿಸುತ್ತಿದ್ದವನು, ವಲಸೆ ವಿರೋಧಿ ಎಎಫ್‌ಡಿ ಪಕ್ಷದ ಬಗ್ಗೆ ಒಲವು ತೋರುತ್ತಿದ್ದವನು. ಸುಳ್ಳು ಮಾತ್ರವೇ ದಾರಿ ತಪ್ಪಿಸುತ್ತದೆ ಎಂಬ ನಂಬಿಕೆಯ ಮೇಲೆ ಬ್ರಿಟನ್ನಿನ ಮಾರ್ಗಸೂಚಿ ನಿಂತಿದೆ. ಒಂಟಿಯಾಗಿ ಬಂದ ನಿಜವೂ ಅಷ್ಟೇ ಬಲವಾಗಿ ದಾರಿ ತಪ್ಪಿಸಬಲ್ಲದು ಎಂಬುದನ್ನು ಮಾಗ್ಡೆಬುರ್ಗ್ ತೋರಿಸಿತು.

ವಲಸೆ ಸ್ಥಿತಿಯ ವಿಷಯ ಇನ್ನೂ ತೊಡಕಿನದು. ರಾಷ್ಟ್ರೀಯತೆಗಾದರೂ ಒಂದು ಪಾಸ್‌ಪೋರ್ಟ್ ಇರುತ್ತದೆ. ವಲಸೆ ಸ್ಥಿತಿ ಎಂಬುದು ಅರ್ಜಿ, ತಿರಸ್ಕಾರ, ಮೇಲ್ಮನವಿ, ಮರುಅರ್ಜಿಗಳ ನಡುವೆ ತಿಂಗಳಿಂದ ತಿಂಗಳಿಗೆ ಬದಲಾಗುವ ಸಂಗತಿ. ವೀಸಾ ನವೀಕರಣಕ್ಕೆ ಕಳಿಸಿ ಉತ್ತರಕ್ಕಾಗಿ ಕಾದ ಪ್ರತಿಯೊಬ್ಬ ಕನ್ನಡಿಗನಿಗೂ ಇದು ಗೊತ್ತು. ನ್ಯಾಯದ ದೃಷ್ಟಿಯಿಂದ ಇನ್ನೊಂದು ದೊಡ್ಡ ತೊಂದರೆ ಇದೆ. ಆರೋಪಿಯ ಹಳೆಯ ಅಪರಾಧಗಳನ್ನೋ ದುರ್ನಡತೆಯನ್ನೋ ಜ್ಯೂರಿಯ ಮುಂದೆ ಸುಮ್ಮನೆ ಇಡುವಂತಿಲ್ಲ. 2003ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆ ಅದಕ್ಕೆ ಬಿಗಿಯಾದ ಷರತ್ತುಗಳನ್ನು ಹಾಕಿದೆ. ಅನುಮತಿಯಿಲ್ಲದೆ ಸಣ್ಣ ದೋಣಿಯಲ್ಲಿ ಇಂಗ್ಲಿಷ್ ಕಡಲ್ಗಾಲುವೆ ದಾಟಿ ಬರುವುದೇ ಇಲ್ಲಿ ಇಂದು ಅಪರಾಧ. ಹಾಗಿರುವಾಗ, ಕಳ್ಳತನದ ಆರೋಪ ಹೊತ್ತವನೊಬ್ಬ ಅಕ್ರಮವಾಗಿ ದೇಶಕ್ಕೆ ಬಂದವನೆಂದು ಗೃಹ ಇಲಾಖೆಯೇ ಸಾರಿದರೆ, ನ್ಯಾಯಾಲಯದೊಳಗೆ ವಾದ ಮಾಡಿ ಗೆಲ್ಲಬೇಕಾದ ಸಂಗತಿಯನ್ನು ಬೀದಿಯಲ್ಲಿ ಉಚಿತವಾಗಿ ಹಂಚಿದಂತಾಗುತ್ತದೆ. ಆ ಸುದ್ದಿ ಓದಿದ ಹನ್ನೆರಡು ಮಂದಿಗೆ, ಅದನ್ನು ಮರೆತು ಸಾಕ್ಷ್ಯ ಮಾತ್ರ ನೋಡಿ ಎಂದು ನ್ಯಾಯಾಧೀಶರು ಹೇಳಬಹುದು. ಮನುಷ್ಯರು ಹೇಳಿದಷ್ಟು ಸುಲಭವಾಗಿ ಮರೆಯುವುದಿಲ್ಲ.

ಮಾರ್ಗಸೂಚಿ ಬಂದು ಮೂರು ತಿಂಗಳಾಗುವ ಮೊದಲೇ ಅದರ ಗಡಿ ಎಷ್ಟು ದುರ್ಬಲವೆಂದು ತಿಳಿಯಿತು. 2025ರ ನವೆಂಬರ್ 1ರ ಸಂಜೆ ಡಾನ್‌ಕ್ಯಾಸ್ಟರ್‌ನಿಂದ ಲಂಡನ್ನಿಗೆ ಹೊರಟಿದ್ದ ರೈಲಿನಲ್ಲಿ ಹಲವರಿಗೆ ಚಾಕು ಇರಿತವಾಯಿತು. ಹಂಟಿಂಗ್ಡನ್ ನಿಲ್ದಾಣದಲ್ಲಿ ರೈಲು ನಿಂತಾಗ ಇಬ್ಬರನ್ನು ಬಂಧಿಸಿದರು. ಮರುದಿನ ಬೆಳಿಗ್ಗೆಯೇ, ಯಾರ ಮೇಲೂ ದೋಷಾರೋಪ ಹೊರಿಸುವ ಮೊದಲೇ, ಪೊಲೀಸರು ವಿವರ ಕೊಟ್ಟರು: ಒಬ್ಬನು 32 ವರ್ಷದ ಕಪ್ಪು ಬ್ರಿಟಿಷ್ ಪ್ರಜೆ, ಇನ್ನೊಬ್ಬನು 35 ವರ್ಷದ, ಕೆರಿಬಿಯನ್ ಮೂಲದ ಬ್ರಿಟಿಷ್ ಪ್ರಜೆ. ಆ ದಿನ ಕತ್ತಲಾಗುವುದರೊಳಗೆ ಎರಡನೆಯವನ ಮೇಲೆ ಯಾವ ಕ್ರಮವೂ ಇಲ್ಲವೆಂದು ಬಿಟ್ಟು ಕಳಿಸಿದರು. ಆತನಿಗೂ ದಾಳಿಗೂ ಸಂಬಂಧವಿರಲಿಲ್ಲ. ಆತನ ಹೆಸರನ್ನು ಪೊಲೀಸರು ಹೇಳಿರಲಿಲ್ಲ ನಿಜ. ಹೆಸರನ್ನು ಕಾಪಾಡಿ ಮೂಲವನ್ನು ಹೇಳಿದಾಗ, ಕಳಂಕ ಆತನೊಬ್ಬನಿಗೆ ತಟ್ಟದೆ ಆತನಂತೆ ಕಾಣುವ ಎಲ್ಲರಿಗೂ ತಟ್ಟಿತು. ದೋಷಾರೋಪಕ್ಕೆ ಮೊದಲಿನ ತನಿಖೆಯ ಹಂತದಲ್ಲಿ ಖಾಸಗಿತನದ ನಿರೀಕ್ಷೆ ಸಮಂಜಸವೆಂದು 2022ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಬ್ಲೂಮ್‌ಬರ್ಗ್ ಸುದ್ದಿಸಂಸ್ಥೆಯ ಪ್ರಕರಣದಲ್ಲಿ ಹೇಳಿದ್ದು ಒಬ್ಬ ಉದ್ಯಮಿಯ ಹಿತಕ್ಕಾಗಿ. ಸಮುದಾಯಗಳಿಗೆ ಅಂಥ ಖಾಸಗಿತನ ಕೊಡುವ ಕಾನೂನು ಇಲ್ಲ. ಸಂಯಮವೊಂದೇ ಅವರಿಗಿದ್ದ ರಕ್ಷಣೆ.

ಹಾಗಾದರೆ ಪೊಲೀಸರು ಏನು ಹೇಳಬೇಕು? ಬಹಳಷ್ಟು ಹೇಳಬಹುದು, ಬೇಗ ಹೇಳಬಹುದು. ಎಷ್ಟು ಜನ ಬಂಧನದಲ್ಲಿದ್ದಾರೆ, ಇನ್ನೂ ಯಾರನ್ನಾದರೂ ಹುಡುಕುತ್ತಿದ್ದೇವೆಯೇ, ಜನರಿಗೆ ಅಪಾಯ ಉಳಿದಿದೆಯೇ, ಭಯೋತ್ಪಾದನೆಯೆಂದು ತನಿಖೆ ನಡೆದಿದೆಯೇ, ಮುಂದಿನ ಪ್ರಕಟಣೆ ಎಷ್ಟು ಹೊತ್ತಿಗೆ. ತಪ್ಪಿಸಿಕೊಂಡವನನ್ನು ಹಿಡಿಯಬೇಕಾದರೆ ಆತ ಹೇಗೆ ಕಾಣುತ್ತಾನೆಂದು ಹೇಳಲೇಬೇಕು. ಅದಕ್ಕೆ ಯಾರ ತಕರಾರೂ ಇಲ್ಲ. ನಿರ್ದಿಷ್ಟ ವ್ಯಕ್ತಿಯ ಹೆಸರೋ ಫೋಟೋವೋ ತಪ್ಪಾಗಿ ಹರಡುತ್ತಿದ್ದರೆ, ಅದು ಸುಳ್ಳೆಂದು ಅಷ್ಟೇ ಜೋರಾಗಿ ಹೇಳಬೇಕು. ದೋಷಾರೋಪವಾದ ಮೇಲೆ ಹೆಸರು, ವಯಸ್ಸು, ವಿಳಾಸದ ಪ್ರದೇಶ, ಆರೋಪ ಇವು ಹೇಗೂ ತೆರೆದ ನ್ಯಾಯಾಲಯದ ಭಾಗ. ಸೌತ್‌ಪೋರ್ಟ್‌ನಲ್ಲಿ ಜನರಿಗೆ ನಿಜವಾಗಿ ಸಲ್ಲಬೇಕಾಗಿದ್ದ ಮಾಹಿತಿ ಆ ಹುಡುಗನ ಬಣ್ಣವಲ್ಲ. ಹಿಂಸೆಯ ಬಗೆಗಿನ ಆತನ ಗೀಳಿನ ಕಾರಣಕ್ಕೆ ಶಾಲೆಯ ಮೂಲಕ ಉಗ್ರವಾದ ತಡೆಯುವ ಪ್ರಿವೆಂಟ್ ಯೋಜನೆಗೆ ಮೂರು ಬಾರಿ ದೂರು ಹೋಗಿತ್ತು, ಮೂರು ಬಾರಿಯೂ ಕಡತ ಮುಚ್ಚಿತ್ತು. 2025ರ ಜನವರಿಯಲ್ಲಿ ಆತ ತಪ್ಪೊಪ್ಪಿಕೊಂಡು, ಕನಿಷ್ಠ 52 ವರ್ಷಗಳ ಜೀವಾವಧಿ ಶಿಕ್ಷೆಗೆ ಗುರಿಯಾದಾಗಲಷ್ಟೇ ಆ ವೈಫಲ್ಯದ ಚರ್ಚೆ ಸರಿಯಾಗಿ ಆರಂಭವಾಯಿತು. ಆತ ಎಲ್ಲಿಯವನೆಂಬ ಜಗಳ ಆ ವೇಳೆಗಾಗಲೇ ಅರ್ಧ ವರ್ಷ ನುಂಗಿತ್ತು.

ಮಾರ್ಗಸೂಚಿ ಮಧ್ಯಂತರದ್ದೆಂದು ಕರೆಸಿಕೊಂಡೇ ಬಂದಿತು, ಆದ್ದರಿಂದ ತಿದ್ದುವ ಅವಕಾಶವಿದೆ ಎಂದು ಭಾವಿಸುತ್ತೇನೆ. ದೋಷಾರೋಪಕ್ಕೆ ಮೊದಲು ಮೂಲ ಹೇಳಬಾರದೆಂಬ ಗೆರೆಯನ್ನು ಅದು ಬಿಗಿಯಾಗಿ ಎಳೆಯಲಿ, ರೈಲಿನ ಪ್ರಕರಣದಂತೆ ಒತ್ತಡ ಬಂದಾಗಲೂ ದಾಟದಂತೆ. ದೋಷಾರೋಪದ ನಂತರವೂ ಹೇಳಲೇಬೇಕೆಂದು ಸರ್ಕಾರ ಹಟ ಹಿಡಿದರೆ, ಗದ್ದಲ ಅಳೆದು ಹೇಳುವ ಪದ್ಧತಿ ಬಿಟ್ಟು ಪ್ರತಿಯೊಂದು ದೋಷಾರೋಪದಲ್ಲೂ ಹೇಳಲಿ. ಹೆಂಡತಿಯನ್ನು ಕೊಂದ ಆರೋಪದಲ್ಲೂ, ತೆರಿಗೆ ವಂಚನೆಯಲ್ಲೂ, ಕುಡಿದು ಕಾರು ಓಡಿಸಿದ್ದರಲ್ಲೂ. ಆಗ ಮೌನಕ್ಕೆ ಅರ್ಥ ಹಚ್ಚುವ ಅವಕಾಶ ಯಾರಿಗೂ ಉಳಿಯುವುದಿಲ್ಲ. ಮೂಲ ಹೇಳಿ ಹಿಡಿದವನನ್ನು ಬಿಟ್ಟು ಕಳಿಸಿದ ದಿನ, ಅಥವಾ ಜ್ಯೂರಿ ನಿರಪರಾಧಿ ಎಂದ ದಿನ, ಮೊದಲ ಪ್ರಕಟಣೆ ಕೊಟ್ಟ ಅದೇ ಹಿರಿಯ ಅಧಿಕಾರಿ ಅದೇ ಮೈಕುಗಳ ಮುಂದೆ ನಿಂತು, ಆತ ಈ ಅಪರಾಧ ಮಾಡಿದವನಲ್ಲ ಎಂದು ಹೇಳುವ ಹೊಣೆಯನ್ನೂ ಅದೇ ಕಾಗದದಲ್ಲಿ ಬರೆದಿಡಲಿ.